ಬೀಟೆಮರದ ಹಿಡಿ

ಶೇಷಪ್ಪಾಚಾರಿ ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಹೆಗಲಿಗೆ ಆನಿಸುವ ಬೀಟೆಮರದ ಹಿಡಿಯನ್ನು ನಾಲ್ಕು ವರ್ಷದ ಹಿಂದೆ ಅವನೇ ಕೆತ್ತಿ ಕೂರಿಸಿದ್ದ. ಕೂದಲೆಳೆಯಷ್ಟೂ ಬಿರುಕು ಬಿಟ್ಟಿರಲಿಲ್ಲ. ಈಗ ಅದನ್ನು ಕಿತ್ತು ಹಾಲವಾಣದ ಹಿಡಿ ಹಾಕಿಕೊಡಬೇಕಂತೆ! ಕೇಳುತ್ತಿದ್ದವಳು ಕೋವಿಯ ಯಜಮಾನನ ಹೆಂಡತಿ.

ಆಚಾರಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಹಾಲವಾಣ ಬೇಲಿಗೆ ನೆಡೋ ಮರ. ಉಗುರಲ್ಲಿ ಗೀರಿದ್ರೂ ಗಾಯ ಆಗುತ್ತೆ. ಇನ್ನೇನು, ನುಗ್ಗೆಮರದ್ದು ಮಾಡಿಕೊಡು ಅಂತೀರೇನೋ!"

"ಹಾಲವಾಣ ಸಾಕು. ಬಣ್ಣ ಮಾತ್ರ ಬೀಟೆ ಥರಾನೇ ಕಾಣಬೇಕು."

"ಭಾರ ಆಯ್ತು ಅಂದ್ರಾ ಯಜಮಾನ್ರು? ಇಷ್ಟು ಎತ್ತೋಕಾಗದವರಿಗೆ ಕೋವಿ ಯಾಕಮ್ಮಾ? ಒಂದು ಊರುಗೋಲು ಕೆತ್ತಿಕೊಡ್ತೀನಿ, ತಗೊಂಡು ಹೋಗಿ."

"ಅವರಿಗೆ ಗೊತ್ತಿಲ್ಲ. ಊರಿಗೆ ಹೋಗಿದಾರೆ. ಶನಿವಾರ ಬರೋದ್ರೊಳಗೆ ಆಗಬೇಕು."

ಹೆಂಗಸರಿಗೆ ಮರದ ವಿಚಾರ ಏನು ಗೊತ್ತು ಎಂದು ಗೊಣಗುತ್ತ, ಆಚಾರಿ ಮೂಲೆಯಲ್ಲಿದ್ದ ಹಾಲವಾಣದ ತುಂಡೊಂದನ್ನು ಎತ್ತಿ ಕಂಬಕ್ಕೆ ಬೀಸಿ ಹೊಡೆದ. ಅದು ಎರಡು ಹೋಳಾಗಿ ನೆಲಕ್ಕೆ ಬಿತ್ತು.

"ನೋಡಿದ್ರಾ ಇದರ ಯೋಗ್ಯತೆ? ಒಂದು ಏಟು ತಡೀಲಿಲ್ಲ."

ಆಕೆ ನಿಧಾನವಾಗಿ ಬಗ್ಗಿ, ಒಂದು ಹೋಳನ್ನು ಕೈಗೆತ್ತಿಕೊಂಡು ನೋಡಿದಳು. ಬಂದಾಗಿನಿಂದ ಬಿಗಿದುಕೊಂಡಿದ್ದ ಮುಖ ಆಗ ಸಡಿಲವಾಯಿತು.

"ಇದನ್ನೇ ಹಾಕಿ ಆಚಾರ್ರೇ. ನಿಮ್ಮ ಬೀಟೆ ಗಟ್ಟಿ, ಇಲ್ಲ ಅನ್ನಲ್ಲ. ಎರಡು ಸಲ ನನ್ನ ಪಕ್ಕೆಲುಬು ಮುರೀತು, ಅದು ಮುರೀಲಿಲ್ಲ."