ಖಾಲಿ ಚೌಕ

ಜನಸಂಖ್ಯೆಯ ಜಿಐಎಸ್ ನಕ್ಷೆ ಮಾಡುತ್ತಿದ್ದ ಸಂಶೋಧಕಿ ಕೆರೆ ಏರಿಯ ಕೆಳಗಿನ ಒಂಟಿ ಮನೆಗೂ ಹೋದಳು. ಮನೆಯಾಕೆ ತಂಬಿಗೆ ತುಂಬ ಮಜ್ಜಿಗೆ ಕೊಟ್ಟು, ಗಂಡ, ಅತ್ತೆ, ತೊಟ್ಟಿಲ ಕೂಸು, ತಾನು ಎಂದು ಬರೆಸಿದಳು.

“ನಕ್ಷಾದಾಗ ನಮ್ಮ ಮನಿ ಕಾಣ್ತೈತೇನ್ರಿ ಅಕ್ಕಾರ?”

“ಇಲ್ಲಮ್ಮ. ನಕ್ಷೆನ ಚೌಕ ಚೌಕ ಮಾಡಿರ್ತೀವಿ. ಐದು ಜನಕ್ಕಿಂತ ಕಡಿಮೆ ಇರೋ ಚೌಕ ಖಾಲಿ ಬಿಡ್ತೀವಿ. ಯಾರೂ ನಿಮ್ಮನ್ನ ಗುರುತು ಹಿಡಿದು ತೊಂದರೆ ಕೊಡಬಾರದಲ್ಲ?”

“ಇಲ್ಲೀತನಕಾ ಬಂದು ತ್ರಾಸ ಕೊಡಾವ್ರು ಯಾರದಾರ್ರಿ!” ಎಂದು ಆಕೆ ನಕ್ಕಳು.

ಮಳೆಗಾಲದಲ್ಲಿ ಕೆರೆ ತುಂಬಿ ಏರಿ ಬಿರುಕು ಬಿಟ್ಟಿತು. ಮರುದಿನ ನೀರಾವರಿ ಎಂಜಿನಿಯರ್ ಸಂಶೋಧಕಿಗೆ ಫೋನ್ ಮಾಡಿದರು.

“ನಿಮ್ಮ ನಕ್ಷೆ ಇಲ್ಲದಿದ್ರೆ ಊರೇ ಮುಳುಗ್ತಿತ್ತು ಮೇಡಂ. ಏರಿ ಕೆಳಗೆ ಒಂದೇ ಒಂದು ಖಾಲಿ ಚೌಕ ಇತ್ತು. ಅದರ ಕಡೆನೇ ಒಡೆದು ನೀರು ಬಿಟ್ವಿ.”