ಗಂಜಿ ಹಚ್ಚಿದ ರೆಕ್ಕೆ

ಅಂಗಳದಲ್ಲಿ ಗೂಟದಿಂದ ಗೂಟಕ್ಕೆ ಬಿಗಿದ ಉಣ್ಣೆಯ ಎಳೆಗಳಿಗೆ ವನಜಾಕ್ಷಿ ಹುಣಸೆಬೀಜದ ಗಂಜಿ ಹಚ್ಚುತ್ತಿದ್ದಳು. ಕುಂಚ ಇನ್ನೂ ಅರ್ಧ ದಾರಿಯಲ್ಲಿತ್ತು, ಅಷ್ಟರಲ್ಲಿ ಮಗಳು ತೇಜಶ್ರೀ ಬಿದಿರುಕಡ್ಡಿಯ ವಿಮಾನ ಹಿಡಿದು ಬಂದಳು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾಡಿದ್ದು. ರೆಕ್ಕೆಗೆ ಹೊದಿಸಿದ ಬಿಳಿ ಬಟ್ಟೆ ಜೋಲುತ್ತಿತ್ತು.

"ಅವ್ವ, ಇದಕ್ಕೂ ಒಂದಿಷ್ಟು ಹಚ್ಚಿಕೊಡು. ಬಿಗಿ ಬರ್ಬೇಕು."

"ವಿಮಾನಕ್ಕೆ ಬಟ್ಟೆ ಯಾರೇ ಹೊದಿಸ್ತಾರೆ?"

"ಇದು ತೊಂಬತ್ತು ವರ್ಷದ ಹಿಂದಿಂದು. ಮರದ ಚೌಕಟ್ಟು, ಮೇಲೆ ಬಟ್ಟೆ. ಇಂಥದ್ರಾಗೆ ಒಬ್ಳು ಹೆಂಗ್ಸು ಅಟ್ಲಾಂಟಿಕ್ ಸಮುದ್ರ ದಾಟಿದ್ಲು."

ಜಗಲಿಯ ಮೇಲೆ ಕುರಿಮರಿಗೆ ಬಾಟಲಿ ಹಾಲು ಕುಡಿಸುತ್ತಿದ್ದ ಗೋವರ್ಧನ ನಕ್ಕ. "ಗಾಳಿಪಟ ಅನ್ನು!" ಆಮೇಲೆ ಹೆಂಡತಿಯ ಕಡೆ ತಿರುಗಿದ. "ನೇಕಾರರ ಸೊಸೈಟಿಯವರಿಗೆ ಫೋನ್ ಮಾಡಿದ್ಯಾ? ಮೈಸೂರಿಗೆ ಬರಕ್ಕಾಗಲ್ಲ ಅಂತ ಇವತ್ತೇ ಹೇಳ್ಬಿಡು. ಕುರಿ ಈಯೋ ಕಾಲ, ನಾನು ಬಿಟ್ಟು ಬರಂಗಿಲ್ಲ. ನಿನ್ನೊಬ್ಳನ್ನೇ ಕಳ್ಸಕ್ಕೆ ಆಗ್ತೈತಾ?"

"ಮಾಡ್ತೀನಿ" ಎಂದಳು ವನಜಾಕ್ಷಿ, ಕುಂಚದಿಂದ ಕಣ್ಣೆತ್ತದೆ.

ಮೈಸೂರಿನ ಮೇಳದಲ್ಲಿ ಕಂಬಳಿ ನೇದು ತೋರಿಸಲು ಚಳ್ಳಕೆರೆಯಿಂದ ಅವಳನ್ನೇ ಆರಿಸಿದ್ದರು. ಬರುತ್ತೇನೆಂದು ಒಪ್ಪಿಯೂ ಆಗಿತ್ತು. ಗಂಡ ಜೊತೆಗೆ ಬರುವ ಮಾತಿತ್ತಲ್ಲ, ಇಬ್ಬರ ಬಟ್ಟೆ ತುಂಬಿದ ಚೀಲ ಮಂಚದ ಕೆಳಗೆ ಸಿದ್ಧವಾಗಿ ಕೂತಿತ್ತು.

ರೆಕ್ಕೆಗೆ ಗಂಜಿ ಬಳಿದು ಬಿಸಿಲಿಗಿಟ್ಟಳು. ಎಳೆಗಳ ಕೆಲಸ ಮುಗಿಸಿ ಬರುವಷ್ಟರಲ್ಲಿ ತೇಜಶ್ರೀ ಕೂಗಿಕೊಂಡಳು.

"ಅಯ್ಯೋ, ಸೊಟ್ಟಗಾತು ನೋಡವ್ವ!"

ರೆಕ್ಕೆಯ ತುದಿಗಳು ಮೇಲಕ್ಕೆ ಮುರುಟಿಕೊಂಡಿದ್ದವು. ಎರಡೂ ಬದಿಗೆ ಗಂಜಿ ಹಚ್ಚಿಯೇ ರೂಢಿಯಾದವಳು ಇವತ್ತು ಮೇಲ್ಬದಿಗೆ ಮಾತ್ರ ಹಚ್ಚಿ ಬಿಟ್ಟಿದ್ದಳು. ಮನಸ್ಸು ಇಲ್ಲಿದ್ದರಲ್ಲವೇ?

"ಒಂದೇ ಕಡೆ ಎಳದ್ರೆ ಹಿಂಗೇ ಆಗೋದು" ಎನ್ನುತ್ತಾ ಮಗುಚಿ ಕೆಳಬದಿಗೂ ಬಳಿದಳು. ಬಳಿಯುತ್ತಲೇ ಕೇಳಿದಳು, "ಸಮುದ್ರ ದಾಟಿದ್ಲಲ್ಲ, ಆಯಮ್ಮನ ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ಜೊತೆಯವ್ರು ಕೂರೋ ಜಾಗದಾಗೆ ಪೆಟ್ರೋಲ್ ಟ್ಯಾಂಕ್ ಇಟ್ಟಿದ್ರು. ಇಲ್ದಿದ್ರೆ ಅಷ್ಟು ದೂರಕ್ಕೆ ಎಲ್ಲಿ ಸಾಲ್ತಿತ್ತು?"

"ಭಯ ಆಗ್ಲಿಲ್ವಂತಾ?"

"ಆಗಿರ್ತೈತೆ ಬಿಡವ್ವ" ಎಂದಳು ತೇಜಶ್ರೀ, ರೆಕ್ಕೆಗೆ ಗಾಳಿ ಬೀಸುತ್ತಾ.

ಸಂಜೆ ಗೋವರ್ಧನ ಕುರಿಹಟ್ಟಿಗೆ ಹೋದ. ಅಂಗಳದಲ್ಲಿ ರೆಕ್ಕೆ ನೆಟ್ಟಗಾಗಿ, ಬೆರಳಿಂದ ಬಡಿದರೆ ತಮಟೆಯಂತೆ ಸದ್ದು ಮಾಡುತ್ತಿತ್ತು. ವನಜಾಕ್ಷಿ ಒಳಗೆ ಬಂದು ಮಂಚದ ಕೆಳಗಿನ ಚೀಲ ಎಳೆದಳು. ಫೋನು ಗೂಡಿನಲ್ಲೇ ಇತ್ತು. ಅದರ ಕಡೆ ನೋಡಲಿಲ್ಲ. ಗಂಡನ ಪಂಚೆ, ಅಂಗಿ, ಟವೆಲು ಒಂದೊಂದಾಗಿ ತೆಗೆದು ಟ್ರಂಕಿಗೆ ಹಾಕಿದಳು. ಖಾಲಿಯಾದ ಜಾಗದಲ್ಲಿ ಹುಣಸೆಬೀಜದ ಹಿಟ್ಟಿನ ಗಂಟು ತುರುಕಿದಳು. ಹೇಳಿ ಮಾಡಿಸಿದಂತೆ ಕೂತಿತು.

ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದಳು. ಮತ್ತೆ ಸದ್ದಾಗದಂತೆ ಮಂಚದ ಕೆಳಗೆ ಸರಿಸಿದಳು.