ಬಾಯಲ್ಲಿಡಬೇಕಾಗಿದ್ದ ಕಲ್ಲು

"ಮಾದ್ರಿನಾ, ಇಲ್ಲಿ ನೋಡಿ, ನಮ್ಮಪ್ಪನ ಹೆಸರು! 'ಕೊಟ್ಟವರು ಯೂಸೆಬಿಯೊ ಸಿಸ್, ರಬಿನಾಲ್.' ಒಂದು ತೆನೆ ಜೋಳಾನೂ ಸುಮ್ನೆ ಕೊಡೋರಲ್ಲ, ಮ್ಯೂಸಿಯಮ್ಮಿಗೆ ಜೇಡ್ ಕಲ್ಲು ಕೊಟ್ಟಿದಾರೆ!"

ಡೆಲ್ಫಿನಾ ನಗುತ್ತಿದ್ದಳು. ಅವಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡು ಧರ್ಮತಾಯಿಯಾಗಿದ್ದ ತೆಕ್ಲಾ ಗಾಜಿನೊಳಗಿನ ಕಲ್ಲನ್ನೇ ನೋಡುತ್ತ ನಿಂತಳು. ಹೆಬ್ಬೆರಳಷ್ಟು ಹಸಿರು ಮುಖ. ಹಿಂದಿನವರು ಯಾರೋ ಒಂದು ಕಿವಿಗೆ ಪೂರ್ತಿ ತೂತು ಕೊರೆದು, ಇನ್ನೊಂದನ್ನು ಅರ್ಧಕ್ಕೇ ಬಿಟ್ಟಿದ್ದರು. ಆ ಅರ್ಧ ತೂತಿನಲ್ಲಿ ಅವಳ ಗಂಡ ಹಸಿಂತೊ ನಲವತ್ತು ವರ್ಷ ಹಾಕಿದ ಧೂಪದ ಮಸಿ ಇನ್ನೂ ಇತ್ತು. ಸತ್ತಾಗ ಅದನ್ನು ತನ್ನ ಬಾಯಲ್ಲಿಡಬೇಕು, ಇಲ್ಲದಿದ್ದರೆ ತೀರಿಹೋದ ಹಿರಿಯರು ತನ್ನನ್ನು ಒಳಗೆ ಕರೆಯುವುದಿಲ್ಲ ಎಂದು ಅವನು ಹೇಳಿಟ್ಟಿದ್ದ.

ಹಸಿಂತೊ ಸತ್ತ ದಿನ ಶವದ ಪೆಟ್ಟಿಗೆಯ ಮೇಲೆ ಬಾಗಿದ್ದವಳನ್ನು, ಮಗಳ ಧರ್ಮತಾಯಿಯೆಂದು ಅವಳನ್ನು 'ಕೊಮಾದ್ರೆ' ಎನ್ನುತ್ತಿದ್ದ ಯೂಸೆಬಿಯೊ ತಡೆದಿದ್ದ. "ಕಣ್ಣೀರು ಮೈಮೇಲೆ ಬಿದ್ರೆ ಅವನ ಹಾದಿ ಜಾರುತ್ತೆ, ಕೊಮಾದ್ರೆ. ಹಿಂದೆ ಸರೀರಿ, ನಾನೇ ಇಡ್ತೀನಿ." ಅವಳು ಕಲ್ಲನ್ನು ಅವನ ಕೈಗೆ ಕೊಟ್ಟು, ಮುಖ ಮುಚ್ಚಿಕೊಂಡು ಹಿಂದೆ ಸರಿದಿದ್ದಳು. ಮೊಳೆ ಹೊಡೆದವನೂ ಅವನೇ. ಅಂದಿನಿಂದ ಆರು ವರ್ಷ ಅವಳು ಪ್ರಾರ್ಥನೆಯಲ್ಲಿ ಗಂಡನ ಹೆಸರಿನ ಜೊತೆಗೆ ಯೂಸೆಬಿಯೊನ ಹೆಸರನ್ನೂ ಹೇಳುತ್ತ ಬಂದಿದ್ದಳು.

"ಎಲ್ಲಿ ಸಿಕ್ತು ಅಂತ ಕೇಳಿದ್ರೆ ಅಪ್ಪ ಮಾತು ಮರೆಸ್ತಾರೆ," ಎಂದಳು ಡೆಲ್ಫಿನಾ.

"ನನ್ನ ಗಂಡನ ಶವದ ಪೆಟ್ಟಿಗೇಲಿ ಸಿಕ್ತು, ಮಗಳೇ. ನಡಿ, ನಿಮ್ಮ ಮನೆಗೆ ಹೋಗೋಣ. ಆರು ವರ್ಷದಿಂದ ಹಿರಿಯರ ಬಾಗಿಲ ಹೊರಗೆ ನಿಂತಿರೋನಿಗೆ ನಾನೇನು ಹೇಳ್ಲಿ ಅಂತ ನಿಮ್ಮಪ್ಪನ್ನೇ ಕೇಳ್ಬೇಕು."